ಬಾಗಿಲಲ್ಲಿ ನಿಂತ ಭಾಗೀರಥಿ

ನಮ್ಮೂರಿನಲ್ಲಿ ಧಾರಾವಾಹಿಯೊಂದು ಅರ್ಧಕ್ಕೆ ನಿಂತರೆ ಅದರ ಅರ್ಧ ಗಂಟೆಯೂ ಅಲ್ಲೇ ನಿಂತುಬಿಡುತ್ತದೆ. ಏಳೂವರೆಯ ಧಾರಾವಾಹಿ ನಿಂತಿತೋ, ಊರಿನ ಗಡಿಯಾರಗಳೆಲ್ಲ ಏಳೂವರೆಗೆ ಬಂದು ಮುಳ್ಳು ಕದಲಿಸುವುದಿಲ್ಲ. ಒಲೆಯ ಮೇಲಿನ ಹಾಲು ಬಿಸಿಯಾಗಿಯೇ ಇರುತ್ತದೆ, ಉಕ್ಕುವುದಿಲ್ಲ. ಕುಕ್ಕರು ಎರಡು ಸೀಟಿ ಹಾಕಿ ಮೂರನೆಯದಕ್ಕೆ ಬಾಯಿ ಬಿಡುವುದಿಲ್ಲ. ಹೋಟೆಲಿನ ಕಾವಲಿಯ ಮೇಲೆ ಹುಯ್ದ ದೋಸೆ ಹುಯ್ದಂತೆಯೇ ಬೆಳ್ಳಗೆ ಕೂತಿರುತ್ತದೆ. ನಾವು ಓಡಾಡಬಹುದು, ಮಾತಾಡಬಹುದು, ಬೇಕಾದಷ್ಟು ಜಗಳ ಕಾಯಬಹುದು, ಹೊತ್ತು ಮಾತ್ರ ಹೋಗುವುದಿಲ್ಲ. ಪಕ್ಕದ ಊರುಗಳಲ್ಲಿ ಈ ತೊಂದರೆಯಿಲ್ಲ. ಅವರು ಒಂದು ಕಥೆಯನ್ನು ನಡುದಾರಿಯಲ್ಲಿ ಬಿಟ್ಟು ಇನ್ನೊಂದರ ಹಿಂದೆ ಹೋಗಬಲ್ಲವರು. ಅದು ಅವರ ಗುಣ, ನಾನೇನೂ ಹೇಳುವುದಿಲ್ಲ.

ಇದಕ್ಕೆ ನಮ್ಮಲ್ಲಿ ಇರುವ ಮದ್ದು ಒಂದೇ. ಆ ಧಾರಾವಾಹಿಯನ್ನು ಒಂದು ಕಂತೂ ಬಿಡದೆ ನೋಡಿದವರು ಯಾರಿದ್ದಾರೋ ಅವರು ಕೂತು, ಕಥೆ ನಿಂತ ಕಡೆಯಿಂದ ಮುಂದಕ್ಕೆ ಹೇಳಬೇಕು. ಇದಕ್ಕೆ ಕಥೆ ದಾಟಿಸುವುದು ಎನ್ನುತ್ತೇವೆ. ಹೇಳಿದಷ್ಟು ಹೊತ್ತು ಮುಳ್ಳು ಓಡುತ್ತದೆ. ಕಥೆ ಮುಗಿಯಿತೆಂದು ಕಥೆಗೇ ಅನ್ನಿಸಿದ ದಿನ ಆ ಅರ್ಧ ಗಂಟೆ ಬಿಡುಗಡೆಯಾಗಿ, ಟೀವಿಯಲ್ಲಿ ಹೊಸ ಕಾರ್ಯಕ್ರಮ ಶುರುವಾಗುತ್ತದೆ. ಅಲ್ಲಿಯ ತನಕ ದಿನಾ ಏಳೂವರೆಗೆ ಹೇಳುವುದು, ಎಂಟಕ್ಕೆ ಊಟಕ್ಕೆ ಏಳುವುದು.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ನಾನು ಸುಗುಣ. ನನ್ನ ವಾರಗಿತ್ತಿ ಹೇಮಾವತಿ, ನನ್ನ ಭಾವನವರ ಹೆಂಡತಿ, ಪಕ್ಕದ ಮನೆಯಲ್ಲೇ ಇದ್ದಾರೆ. ಮೊದಲು ಅದು ಒಂದೇ ಮನೆ. ಅಣ್ಣತಮ್ಮಂದಿರು ಇವತ್ತಿಗೂ ಒಟ್ಟಿಗೇ ಶಾಮಿಯಾನ, ಕುರ್ಚಿ, ಮೈಕ್‌ಸೆಟ್ಟಿನ ಅಂಗಡಿ ನಡೆಸುತ್ತಾರೆ. ಸಂಸಾರ ದೊಡ್ಡದಾಯಿತೆಂದು ಮನೆಗೆ ನಡುಗೋಡೆ ಹಾಕಿಸಿದಾಗ ನಮ್ಮತ್ತೆ ಮೇಸ್ತ್ರಿಯ ಮುಂದೆ ನಿಂತು, "ಸಾರಿನ ಪಾತ್ರೆ ದಾಟೋವಷ್ಟು ಜಾಗ ಬಿಡಪ್ಪ" ಎಂದು ಹೇಳಿ ಗೋಡೆಯಲ್ಲೊಂದು ಕಿಟಕಿ ಬಿಡಿಸಿದ್ದರು. ಅತ್ತೆ ಹೋದರು, ಕಿಟಕಿ ಉಳಿಯಿತು.

ಹನ್ನೊಂದು ವರ್ಷದ ಹಿಂದೆ ನನ್ನ ಮಗಳ ನಿಶ್ಚಿತಾರ್ಥದ ದಿನ, ಬೀಗರ ಪಂಕ್ತಿಯಲ್ಲಿ ನಿಂತು ಹೇಮಕ್ಕ, "ಒಬ್ಬಟ್ಟಿಗೆ ಬೆಲ್ಲ ಒಂಚೂರು ಹಿಂದೆ ಆಯ್ತು" ಎಂದರು. ಹೂರಣ ರುಬ್ಬಿದವಳು ನಾನು. ಬೀಗಿತ್ತಿ ಬಾಯಿಗಿಟ್ಟಿದ್ದ ತುಂಡನ್ನು ನೋಡಿಕೊಂಡರು. ನನ್ನ ಮೈಯೆಲ್ಲ ಉರಿದುಹೋಯಿತು. ಅಡಿಗೆಮನೆಗೆ ಬಂದವಳೇ, "ನಿಮ್ಮ ನಾಲಿಗೆಗೆ ಒಂದು ಅಚ್ಚು ಬೆಲ್ಲ ಇಟ್ಟರೂ ಸಿಹಿ ಆಗಲ್ಲ ಬಿಡಿ" ಎಂದುಬಿಟ್ಟೆ. ಅವರು ಕೈತೊಳೆದುಕೊಂಡು ಹೋದರು. ಕಿಟಕಿ ಮುಚ್ಚಿತು. ನಾಲ್ಕು ತಿಂಗಳು, ಆ ಕಡೆಯ ಒಗ್ಗರಣೆಯ ಸದ್ದು ಈ ಕಡೆಗೆ ಕೇಳುತ್ತಿತ್ತು, ಮಾತು ಮಾತ್ರ ಇಲ್ಲ. ಇಪ್ಪತ್ತು ವರ್ಷ ಒಂದೇ ಒಲೆಯಲ್ಲಿ ಬೇಯಿಸಿದವರು ನಾವು.

ಆಗ ಶುರುವಾದದ್ದು 'ಭಾಗೀರಥಿ'. ಸೋಮವಾರದಿಂದ ಶುಕ್ರವಾರ, ಸಂಜೆ ಏಳೂವರೆಗೆ. ಮೊದಲನೇ ಕಂತು ಬರುವ ದಿನವೇ ನಮ್ಮ ಟೀವಿ ಕೆಟ್ಟು ಕೂತಿತು. ನಾನು ಚಡಪಡಿಸುತ್ತ ಕೂತಿದ್ದಾಗ ಕಿಟಕಿ ಕಿರುಗುಟ್ಟಿತು. ಆ ಕಡೆ ಯಾರೂ ಮಾತಾಡಲಿಲ್ಲ. ಟೀವಿಯ ಮುಖ ಮಾತ್ರ ನನ್ನ ಕಡೆಗೆ ಸ್ವಲ್ಪ ತಿರುಗಿತ್ತು. ನಾನು ಸ್ಟೂಲು ಎಳೆದುಕೊಂಡು ಕಿಟಕಿಯ ಹತ್ತಿರ ಕೂತೆ. ಮೂರನೇ ದಿನ ಭಾಗೀರಥಿಯ ಅತ್ತೆ ಪದ್ಮಾವತಮ್ಮ ಸೊಸೆಯ ಕೈಯಿಂದ ಬೀಗದಕೈ ಗೊಂಚಲು ಕಿತ್ತುಕೊಂಡಾಗ, ಹೇಮಕ್ಕ ತಡೆಯಲಾರದೆ, "ಕಿತ್ಕೊಂಡ್ಬಿಟ್ಳಲ್ಲ ಮುಂಡೇದು" ಎಂದರು. "ಅವಳ ಕೈ ಸೇದ್ಹೋಗ" ಎಂದೆ ನಾನು. ಅಲ್ಲಿಂದ ಶುರುವಾಯಿತು.

ಏಳೂವರೆಗೆ ಕಿಟಕಿ ತೆರೆಯುವುದು, ಎಂಟಕ್ಕೆ ಮುಚ್ಚುವುದು. ಮಾತೇನಿದ್ದರೂ ಭಾಗೀರಥಿಯ ಬಗ್ಗೆ ಮಾತ್ರ. ಮಾತು ಬಿಟ್ಟಿದ್ದೆವೇ ಹೊರತು ನಾನೇನೂ ಬಹುವಚನ ಬಿಟ್ಟಿರಲಿಲ್ಲ. "ನೋಡ್ತಾ ಇರಿ ಅಕ್ಕ, ಆ ವಕೀಲ ಮೋಸಗಾರ" ಎನ್ನುತ್ತಿದ್ದೆ. ನನಗೆ ಕೆಮ್ಮು ಬಂದ ದಿನ ಹೇಮಕ್ಕ ಟೀವಿ ನೋಡಿಕೊಂಡೇ, "ಈ ಭಾಗೀರಥಿಗೆ ಒಂದು ಲೋಟ ಮೆಣಸಿನ ಸಾರು ಕುಡಿ ಅನ್ನೋರು ಯಾರೂ ಇಲ್ವಲ್ಲ" ಎಂದರು. ಕಿಟಕಿಯ ಕಟ್ಟೆಯ ಮೇಲೆ ಮುಚ್ಚಳ ಹಾಕಿದ ಪಾತ್ರೆಯಿತ್ತು.

ನಿಜ ಹೇಳಿಬಿಡುತ್ತೇನೆ. ನಮ್ಮ ಟೀವಿ ಒಂದೇ ವಾರಕ್ಕೆ ರಿಪೇರಿಯಾಗಿ ಬಂತು. ಅದನ್ನು ಒಳಗಿನ ಕೋಣೆಯಲ್ಲಿಟ್ಟು, ಮೇಲೊಂದು ಕ್ರೋಶಾ ಬಟ್ಟೆ ಹೊದಿಸಿ, ಎಂಟು ವರ್ಷ ಕೆಟ್ಟಿದೆ ಎಂದೇ ಹೇಳಿಕೊಂಡು ಬಂದೆ. ನಮ್ಮ ಯಜಮಾನರಿಗೆ, ಕ್ರಿಕೆಟ್ ನೋಡುವುದಾದರೆ ಸೌಂಡ್ ತೆಗೆದು ನೋಡಿ ಎಂದು ಕಟ್ಟಪ್ಪಣೆ ಮಾಡಿದ್ದೆ.

ಸಾವಿರದ ಒಂಬೈನೂರ ಅರವತ್ತಮೂರನೇ ಕಂತು ಒಂದು ಶುಕ್ರವಾರ ಬಂತು. ಏಳು ವರ್ಷದ ಹಿಂದೆ ಮನೆ ಬಿಟ್ಟು ಹೋಗಿದ್ದ ಭಾಗೀರಥಿ ವಾಪಸು ಬಂದು ಅತ್ತೆಯ ಮನೆಯ ಬಾಗಿಲಲ್ಲಿ ನಿಂತಳು. ಕೈ ಚಿಲಕದ ಹತ್ತಿರ ಹೋಯಿತು. ನಾನು ಸ್ಟೂಲಿನ ತುದಿಗೆ ಬಂದಿದ್ದೆ. ಅಷ್ಟರಲ್ಲಿ ಪರದೆಯ ಮೇಲೆ ಅಕ್ಷರ ಮೂಡಿತು: ಈ ಧಾರಾವಾಹಿ ಇಂದಿಗೆ ಮುಕ್ತಾಯ, ಸೋಮವಾರದಿಂದ ಹೊಚ್ಚಹೊಸ ಅಡುಗೆ ಸ್ಪರ್ಧೆ 'ಸೌಟು ಸಮರ'.

"ಅಯ್ಯೋ!" ಎಂದೆ. ಆ ಕಡೆ ಹೇಮಕ್ಕ ರಿಮೋಟನ್ನು ಎರಡು ಸಲ ತಟ್ಟಿ ನೋಡಿದರು, ತಪ್ಪು ಅದರದೇ ಎಂಬಂತೆ. ಎಂಟು ಹೊಡೆಯಿತು. ಇಬ್ಬರೂ ಮುಖ ನೋಡಿಕೊಂಡೆವು. ಮಾತಾಡಲು ಇನ್ನೇನೂ ಇರಲಿಲ್ಲ. ಅವರೇ ಕಿಟಕಿ ಮುಚ್ಚಿದರು, ಬಹಳ ನಿಧಾನವಾಗಿ. ನಾನು ಅಡಿಗೆಮನೆಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ಅತ್ತುಬಿಟ್ಟೆ. ಯಜಮಾನರು ಬಂದು, "ಹೋಗ್ಲಿ ಬಿಡೆ, ಅದೆಲ್ಲ ಪ್ಲೈವುಡ್ಡಿನ ಬಾಗ್ಲು" ಎಂದರು. ನಾನು ಅತ್ತದ್ದು ಯಾವ ಬಾಗಿಲಿಗೆಂದು ಅವರಿಗೇನು ಗೊತ್ತು.

ಶನಿವಾರ ವೀಕ್ಷಕರ ಸಂಘದ ಅಧ್ಯಕ್ಷರಾದ ರಿಟೈರ್ಡ್ ಹೆಡ್‌ಮಾಸ್ಟರ್ ಅಶ್ವತ್ಥನಾರಾಯಣರು ಟೀವಿಯವರಿಗೆ ಫೋನು ಮಾಡಿದರು. "ನೋಡೋರು ಕಮ್ಮಿ ಆಗಿದ್ರು ಸರ್" ಎಂದಳಂತೆ ಒಬ್ಬ ಹುಡುಗಿ. "ನಮ್ಮೂರಲ್ಲಿ ಮನೆಮನೇಲೂ ನೋಡ್ತೀವಲ್ಲಮ್ಮ!" ಎಂದರೆ, "ನಿಮ್ಮೂರು ನಮ್ಮ ಪಟ್ಟೀಲೇ ಇಲ್ವಲ್ಲ ಸರ್" ಎಂದು ಫೋನಿಟ್ಟಳಂತೆ. ಪಟ್ಟಿಯಲ್ಲಿ ಇಲ್ಲದ ಊರಿನವರು ಎಷ್ಟು ಅತ್ತರೂ ಅದು ಲೆಕ್ಕಕ್ಕೆ ಬರುವುದಿಲ್ಲ.

ಸೋಮವಾರ ಏಳೂವರೆಗೆ ಊರು ನಿಂತಿತು. ಟೀವಿಯಲ್ಲಿ ಹೊಸ ಕಾರ್ಯಕ್ರಮದ ಮೊದಲ ಚಿತ್ರ ಬಂದು, ಎತ್ತಿ ಹಿಡಿದ ಒಂದು ಸೌಟಿನಲ್ಲಿ ಹಾಗೇ ಸಿಕ್ಕಿಕೊಂಡಿತು. ಕ್ಷೌರದಂಗಡಿಯಿಂದ ಪೋಸ್ಟ್‌ಮ್ಯಾನ್ ಗುರುಶಾಂತಪ್ಪ ಅರ್ಧ ಮುಖಕ್ಕೆ ನೊರೆ ಹಾಕಿಸಿಕೊಂಡೇ ಹೊರಗೆ ಬಂದರು. ಆ ನೊರೆ ಒಣಗುವ ಹಾಗೂ ಇಲ್ಲ.

ಹೆಡ್‌ಮಾಸ್ಟರಿಗೆ ಅವಸರ. ಅವರ ಸೊಸೆ ನಳಿನಿ ಸೌಟು ಸಮರದಲ್ಲಿ ಭಾಗವಹಿಸಿ ಬಂದಿದ್ದಳು, ಅದು ಬರುವುದು ಶುಕ್ರವಾರ. ಬೀದಿಯಲ್ಲಿ ನಿಂತು, "ಇದೇನು ಬ್ರಹ್ಮವಿದ್ಯೆಯೇ?" ಎಂದು ಗಂಟಲು ಸರಿಮಾಡಿಕೊಂಡು ತಾವೇ ಶುರುಮಾಡಿದರು. "ಭಾಗೀರಥಿ ಬಾಗಿಲು ತೆಗೆದಳು. ಅತ್ತೆ ಕ್ಷಮಿಸಿದರು. ಎಲ್ಲರೂ ಸುಖವಾಗಿ ಬಾಳಿದರು. ಕಥೆಯ ನೀತಿ..." ಮುಳ್ಳು ಒಂದು ನಿಮಿಷ ಮುಂದೆ ಹೋಯಿತು, ನೀತಿ ಎನ್ನುವುದು ಕೇಳಿದ್ದೇ ಎರಡು ನಿಮಿಷ ಹಿಂದೆ ಬಂತು. ಬೇಯುತ್ತಿದ್ದ ಅನ್ನ ಅಕ್ಕಿಯಾಗುವ ಸೂಚನೆ ಕಂಡು ಹೆಂಗಸರು ಅವರ ಬಾಯಿ ಮುಚ್ಚಿಸಿದರು.

"ಒಂದು ಕಂತೂ ಬಿಡದೆ ನೋಡಿದೋರು ಯಾರು?" ಎಂದು ಕೇಳಿಕೊಂಡು ಎಲ್ಲರೂ ನಮ್ಮ ಮನೆಗಳ ಮುಂದೆ ಬಂದು ನಿಂತರು. ನಾನು, "ಪಕ್ಕದ ಮನೆಯವರು ದೊಡ್ಡವರು, ಅವರೇ ಹೇಳಲಿ" ಎಂದೆ. ಆ ಬಾಗಿಲಿನಿಂದ ಹೇಮಕ್ಕ, "ಅವಳಿಗೆ ನೆನಪು ಚೆನ್ನಾಗಿದೆ, ಎಂಟು ವರ್ಷದ್ದೂ ಇಟ್ಕೊಂಡಿದಾಳೆ, ಅವಳೇ ಹೇಳ್ಲಿ" ಎಂದರು. ಭಾವನವರೂ ನಮ್ಮವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಅಂಗಡಿಯಿಂದ ನೂರು ಕುರ್ಚಿ ತಂದು ಬೀದಿಯಲ್ಲಿ ಹಾಕಿ, ನಾಲ್ಕು ಕಡೆ ಲೌಡ್‌ಸ್ಪೀಕರು ಕಟ್ಟಿ, ಕಿಟಕಿಯ ಕಟ್ಟೆಯ ಮೇಲೆ ಒಂದು ಮೈಕು ಇಟ್ಟರು. ಯಾರ ಕಡೆಗೂ ಅಲ್ಲ, ಸರಿಯಾಗಿ ನಡುವೆ. ಅಣ್ಣತಮ್ಮಂದಿರಿಗೆ ಅಷ್ಟು ಬುದ್ಧಿಯಿದೆ ಎಂದು ನನಗೆ ಅವತ್ತೇ ಗೊತ್ತಾದದ್ದು.

ಕಿಟಕಿ ತೆರೆಯಿತು. ನಾನು ಸ್ಟೂಲಿನ ಮೇಲೆ ಕೂತೆ. "ಭಾಗೀರಥಿ ಬಾಗಿಲಲ್ಲಿ ನಿಂತಿದ್ದಾಳೆ" ಎಂದೆ. ಮುಳ್ಳು ಸಣ್ಣಗೆ ಅಲುಗಿತು. "ಸೊಂಟದಲ್ಲಿ ಮನೆಯ ಬೀಗದಕೈ ಇದೆ" ಎಂದೆ. ಮುಳ್ಳು ನಿಂತಿತು.

"ಎಲ್ಲಿಂದ ಬಂತು ಬೀಗದಕೈ?" ಎಂದರು ಹೇಮಕ್ಕ. "ಎಂಟುನೂರನೇ ಕಂತಲ್ಲೇ ಹೊಳೆಗೆ ಬಿಸಾಕಿದ್ಳಲ್ಲ."

"ಅದು ಪೆಟ್ಟಿಗೆ ಬೀಗದ್ದು ಅಕ್ಕ. ಮನೇದು ಅವಳ ಹತ್ರಾನೇ ಇತ್ತು."

"ಪೆಟ್ಟಿಗೇದು ತುಕ್ಕು ಹಿಡಿದಿತ್ತು ಕಣೆ. ಅವಳು ಎಸೆದದ್ದು ಫಳಫಳ ಹೊಳೀತಿತ್ತು. ನೀನು ಅವತ್ತು ಹಪ್ಪಳ ಕರೀತಾ ಕರೀತಾ ನೋಡಿದೀಯ."

ಬೀದಿಯಲ್ಲಿ ಯಾರೋ ನಕ್ಕರು. ನನಗೆ ರೇಗಿತು, ಆದರೆ ಅವರು ಹೇಳಿದ್ದು ನಿಜ. ಹಪ್ಪಳವೂ ನಿಜ. "ಹಾಗಾದ್ರೆ ಬರಿಗೈಯಲ್ಲಿ ಬಂದಿದ್ದಾಳೆ" ಎಂದೆ. ಮುಳ್ಳು ಸರಾಗವಾಗಿ ಓಡತೊಡಗಿತು. ಎಲ್ಲ ಮನೆಗಳ ಕುಕ್ಕರುಗಳೂ ಒಟ್ಟಿಗೆ ಮೂರನೇ ಸೀಟಿ ಹಾಕಿದವು. ಬೀದಿಯೆಲ್ಲ ಚಪ್ಪಾಳೆ.

ಮಂಗಳವಾರ, ಬುಧವಾರ ಹೀಗೇ ನಡೆಯಿತು. ಬೆಳಿಗ್ಗೆ ಬಟ್ಟೆ ಒಗೆಯುವಾಗಲೂ ನನಗೆ ಸಂಜೆಯದೇ ಯೋಚನೆ. ಭಾಗೀರಥಿ ಬಾಗಿಲಲ್ಲಿ ನಿಂತಲ್ಲೇ ಏಳು ವರ್ಷದ್ದು ನೆನೆಸಿಕೊಂಡಳು, ಪಕ್ಕದ ಮನೆಯವಳು ಬಂದು ಗುರುತು ಹಿಡಿದಳು, ಒಳಗೆ ಪದ್ಮಾವತಮ್ಮ ಯಾರೋ ಬಂದರೆಂದು ಕೋಲೂರಿಕೊಂಡು ಎದ್ದರು. ನಾನು ಭಾಗೀರಥಿಯ ಕಡೆಯದನ್ನು ಹೇಳಿದರೆ ಹೇಮಕ್ಕ ಅತ್ತೆಯ ಕಡೆಯದನ್ನು ಹೇಳುತ್ತಿದ್ದರು. ಅತ್ತೆಯ ಹಾಗೆ ಕೆಮ್ಮಿ ತೋರಿಸುತ್ತಿದ್ದರು ಕೂಡ. ಇಡೀ ಬೀದಿ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಗುರುಶಾಂತಪ್ಪನವರು ಮುಖಕ್ಷೌರವನ್ನು ದಿನಾ ಏಳೂವರೆಗೇ ಇಟ್ಟುಕೊಂಡರು, ಕಥೆ ಕೇಳುತ್ತ ಮಾಡಿಸಿಕೊಂಡರೆ ಉರಿಯುವುದಿಲ್ಲವಂತೆ.

ಆದರೆ ಬುಧವಾರ ಎಂಟಕ್ಕೆ ಹೆಡ್‌ಮಾಸ್ಟರು ಕಿಟಕಿಯ ಹತ್ತಿರ ಬಂದು, "ನಾಳೆಗೆ ಮುಗಿಸಿಬಿಡಬೇಕು ತಾಯಂದಿರಾ. ಶುಕ್ರವಾರ ನಮ್ಮ ನಳಿನೀದು ಬರುತ್ತೆ. ಇನ್ನೇನಿದೆ, ಒಂದು ಬಾಗಿಲು ತೆಗೆಯೋದು ತಾನೇ?" ಎಂದರು. ಹೌದು, ಅಷ್ಟೇ ಇತ್ತು. ಬಾಗಿಲು ತೆರೆದರೆ ಅತ್ತೆಸೊಸೆ ಎದುರುಬದುರಾಗುತ್ತಾರೆ, ಕಥೆ ಮುಗಿಯುತ್ತದೆ, ಏಳೂವರೆ ಬಿಡುಗಡೆಯಾಗುತ್ತದೆ. ಆಮೇಲೆ ಕಿಟಕಿಗೆ ಏನು ಕೆಲಸ? ಆ ನಾಲ್ಕು ತಿಂಗಳು ಮತ್ತೆ ಬಂದು ಕೂರುತ್ತದೆ, ಈ ಸಲ ಎದ್ದು ಹೋಗುವುದೂ ಇಲ್ಲ. ಹೋಗಿ ಕ್ಷಮಿಸಿ ಎಂದುಬಿಡಬಾರದೇ ಎಂದು ನೀವು ಕೇಳಬಹುದು. ಎಂಟು ವರ್ಷ ಹೊತ್ತ ಸಿಟ್ಟನ್ನು ಇಳಿಸುವುದು ಎಲ್ಲಿ ಎಂದು ಹೊತ್ತವರಿಗೇ ಗೊತ್ತಿರುವುದಿಲ್ಲ.

ಗುರುವಾರ ಬೀದಿ ಕಿಕ್ಕಿರಿದಿತ್ತು. ಕುರ್ಚಿ ಸಾಲದೆ ಶಾಮಿಯಾನ ಕಟ್ಟಿ ಜಮಖಾನಗಳನ್ನೂ ಹಾಸಿದ್ದರು. ಹೆಡ್‌ಮಾಸ್ಟರು ಮುಂದಿನ ಸಾಲಿನಲ್ಲಿ ಕೈಗಡಿಯಾರ ಬಿಚ್ಚಿ ಹಿಡಿದುಕೊಂಡು ಕೂತಿದ್ದರು, ಪಕ್ಕದಲ್ಲಿ ನಳಿನಿ. ನಾನು ಶುರುಮಾಡಿದೆ. ಎಷ್ಟು ಎಳೆಯಬಹುದೋ ಅಷ್ಟೂ ಎಳೆದೆ. ಬಾಗಿಲಿನ ಬಣ್ಣ ಹೇಳಿದೆ, ತೋರಣ ಹೇಳಿದೆ, ಹೊಸಿಲ ಮೇಲಿನ ರಂಗೋಲಿಯ ಎಳೆ ಎಣಿಸಿದೆ. ಏಳೂ ಮುಕ್ಕಾಲು ದಾಟಿತು. ಹೇಳುವುದಕ್ಕೆ ಇನ್ನೇನೂ ತೋಚದೆ, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಅಷ್ಟರಲ್ಲಿ ಒಳಗಿನಿಂದ ಒಬ್ಬಟ್ಟಿನ ವಾಸನೆ ಬಂತು."

ಮುಳ್ಳು ನಿಂತಿತು. ಮುಂದಿನದು ಒಳಗಿನ ಕಥೆ, ಹೇಮಕ್ಕ ಹೇಳಬೇಕು. ಹೇಮಕ್ಕ ಹೇಳಲಿಲ್ಲ. ಎಷ್ಟು ಹೊತ್ತು ಹಾಗೆ ಕೂತಿದ್ದೆವೆಂದು ಕೇಳಿದರೆ ಹೇಳಲು ಬರುವುದಿಲ್ಲ, ಹೊತ್ತೇ ಇರಲಿಲ್ಲವಲ್ಲ.

ಕೊನೆಗೆ ಹೇಮಕ್ಕ ಮೈಕನ್ನು ಮರೆತು, ನನ್ನ ಮುಖ ನೋಡಿಕೊಂಡು ಮೆಲ್ಲಗೆ ಹೇಳಿದರು. "ಅವತ್ತು ನನಗೆ ಜ್ವರ ಇತ್ತು ಸುಗುಣ. ಹೇಳಿದ್ರೆ ನೀನು ಮಲಗಿಸ್ತೀಯ, ಕೆಲಸಕ್ಕೆ ಜನ ಇಲ್ಲ ಅಂತ ಮಾತ್ರೆ ನುಂಗಿ ಒಬ್ಬಟ್ಟು ತಟ್ಟಿದೆ. ಬಾಯೆಲ್ಲ ಕಹಿ. ಏನು ತಿಂದ್ರೂ ಸಪ್ಪೆ. ಅದನ್ನೇ ಹೇಳ್ಬಿಟ್ಟೆ, ಬೀಗರ ಮುಂದೆ. ಮಾರನೇ ದಿನ ಉಳಿದಿದ್ದ ಒಂದನ್ನ ತಿಂದೆ. ಬೆಲ್ಲ ಸರಿಯಾಗಿತ್ತು ಕಣೆ. ಹದವಾಗಿತ್ತು."

ನಾಲ್ಕು ಲೌಡ್‌ಸ್ಪೀಕರುಗಳೂ ಅದನ್ನು ಇಡೀ ಊರಿಗೆ ಹೇಳಿದವು.

"ಎಂಟು ವರ್ಷ ಯಾಕೆ ಹೇಳ್ಲಿಲ್ಲ ಅಕ್ಕ?" ಎಂದೆ. ಕಣ್ಣಲ್ಲಿ ನೀರು, ಮೂಗಲ್ಲೂ.

"ನಾಲಿಗೆಗೆ ಅಚ್ಚು ಬೆಲ್ಲ ಇಟ್ರೂ ಸಿಹಿ ಆಗಲ್ಲ ಅಂದೋಳ ಹತ್ರ ಏನಂತ ಹೇಳ್ಲಿ?"

"ನನ್ನ ನಾಲಿಗೆಗೆ ಬರೆ ಹಾಕ್ಬೇಕು. ತಪ್ಪಾಯ್ತು ಅಕ್ಕ. ತುಂಬಾ ತಪ್ಪಾಯ್ತು."

"ಅಳಬೇಡ. ಮೈಕಿಗೆ ನೀರು ಬಿದ್ರೆ ನಿನ್ನ ಗಂಡ ಬಡ್ಕೋತಾನೆ" ಎಂದು ಕಿಟಕಿಯಿಂದ ಕೈ ಹಾಕಿ ತಮ್ಮ ಸೆರಗಿನಿಂದಲೇ ನನ್ನ ಮೂಗು ಒರೆಸಿದರು. "ಮತ್ತೆ ಆ ಟೀವಿ ಕೆಟ್ಟಿದೆ ಅಂತ ಇನ್ನೆಷ್ಟು ದಿನ ಹೇಳ್ತೀಯ? ಸೌಂಡ್ ತೆಗೆದು ಕ್ರಿಕೆಟ್ ನೋಡಿದ್ರೆ ಏನಾಯ್ತು, ನಿನ್ನ ಗಂಡ ಔಟ್ ಔಟ್ ಅಂತ ಕೂಗೋದು ನನಗೆ ಕೇಳಲ್ವಾ?"

ನಾನು ಅಳುತ್ತಲೇ ನಕ್ಕುಬಿಟ್ಟೆ. "ನಿಮ್ಮ ಟೀವಿ ನನ್ನ ಕಡೆ ತಿರುಗಿಸಿ, ನೀವು ಪಕ್ಕದಿಂದ ನೋಡಿ ನೋಡಿ ಕುತ್ತಿಗೆ ಹಿಡ್ಕೊಂಡು ಎಣ್ಣೆ ಹಚ್ಕೋತಿದ್ದದ್ದು ನನಗೂ ಗೊತ್ತಿತ್ತು ಬಿಡಿ."

ಮುಳ್ಳು ಯಾವಾಗ ಮತ್ತೆ ಓಡತೊಡಗಿತೋ ಯಾರೂ ನೋಡಲಿಲ್ಲ. ಎಂಟಕ್ಕೆ ಒಂದು ನಿಮಿಷವಿದೆ ಎಂದು ಹೆಡ್‌ಮಾಸ್ಟರು ಕೂಗಿದಾಗಲೇ ನಮಗೆ ಕಥೆಯ ಜ್ಞಾಪಕ ಬಂದದ್ದು. "ಎಲ್ಲ ಸಂತೋಷ. ಈಗ ಬಾಗಿಲು ತೆಗೆಸಿ!" ಎಂದರು ಅವರು.

ನಾನು ಹೇಮಕ್ಕನನ್ನು ನೋಡಿದೆ. ಅವರು ಗಡಿಯಾರ ನೋಡಿದರು, ನನ್ನನ್ನು ನೋಡಿದರು. "ಇವತ್ತು ಬೇಡ ಕಣೆ" ಎಂದರು. "ನಾಳೆ ತೆಗೀಲಿ."

"ನಾಳೆ ನಮ್ಮ ನಳಿನಿ!" ಎಂದು ಹೆಡ್‌ಮಾಸ್ಟರು ಎದ್ದು ನಿಂತರು. ಅವರ ಪಕ್ಕದಲ್ಲಿ ನಳಿನಿಯೂ ಎದ್ದಳು. ಪಾಪದ ಹುಡುಗಿ, ಮಾವನ ಎದುರು ಎಂದೂ ಜೋರಾಗಿ ಮಾತಾಡಿದವಳಲ್ಲ. "ಮಾವ, ನಾನು ಮಾಡಿದ ಬೋಂಡಾ ಸೀದುಹೋಗಿತ್ತು. ನಾಲ್ಕು ಜನರ ಮುಂದೆ ಬೈಸ್ಕೊಂಡು ಬಂದೆ. ನಿಮಗೆ ಹೇಳೋಕೆ ಧೈರ್ಯ ಇರ್ಲಿಲ್ಲ. ನಮ್ಮೂರಲ್ಲಾದ್ರೂ ಯಾರೂ ನೋಡೋದು ಬೇಡ, ದಮ್ಮಯ್ಯ. ಭಾಗೀರಥಿ ಅಲ್ಲೇ ನಿಂತಿರ್ಲಿ!"

ಬೀದಿಯಲ್ಲಿ ಎದ್ದ ನಗುವಿಗೆ ಶಾಮಿಯಾನದ ಗೂಟ ಅಲುಗಾಡಿತು. ಹೆಡ್‌ಮಾಸ್ಟರು ಕೈಗಡಿಯಾರ ಕಟ್ಟಿಕೊಂಡು, "ನಾಳೆ ನನಗೆ ಗಾಳಿ ಬರೋ ಕಡೆ ಕುರ್ಚಿ ಹಾಕಿಸಿ" ಎಂದರು. ಎಂಟು ಹೊಡೆಯಿತು. ಅವತ್ತು ಕಿಟಕಿ ಮುಚ್ಚಲಿಲ್ಲ. ನಾನು ಮುಂದಿನ ಬಾಗಿಲಿನಿಂದಲೇ ಆ ಮನೆಗೆ ಹೋದೆ. ಚಪ್ಪಲಿ ಎಲ್ಲಿ ಬಿಡಬೇಕೆಂದು ಕಾಲಿಗೆ ಇನ್ನೂ ನೆನಪಿತ್ತು. ಹೇಮಕ್ಕ ಬೇಳೆ ಬೇಯಲು ಇಟ್ಟರು, ನಾನು ಬೆಲ್ಲ ಕುಟ್ಟಿದೆ. ಹೂರಣದ ರುಚಿ ನೋಡಿ ಎಂದು ಅವರ ಬಾಯಿಗಿಟ್ಟರೆ, ಕಣ್ಣುಮುಚ್ಚಿ ಚಪ್ಪರಿಸಿ, "ಜಾಸ್ತಿಯಾಯ್ತು" ಎಂದರು. ಸೌಟಿನಲ್ಲಿ ಹೊಡೆಯಲು ಹೋದೆ.

ಇದೆಲ್ಲ ಆಗಿ ಮೂರು ವರ್ಷವಾಯಿತು, ಏಳೂವರೆಗೆ ಕಥೆ ದಾಟಿಸುತ್ತಲೇ ಇದ್ದೇವೆ, ಭಾಗೀರಥಿ ಇನ್ನೂ ಬಾಗಿಲಲ್ಲೇ ಇದ್ದಾಳೆ. ಈಗ ನಾವಿಬ್ಬರೂ ಬೆಳಗಿನಿಂದ ಸಂಜೆಯ ತನಕ ಎಲ್ಲ ವಿಷಯಕ್ಕೂ ಮಾತಾಡುತ್ತೇವೆ, ಜಗಳವನ್ನೂ ಎದುರೆದುರೇ ಆಡುತ್ತೇವೆ, ಕಿಟಕಿಯ ಹಂಗೇನೂ ಇಲ್ಲ. ಆದ್ದರಿಂದ ಕಥೆ ಮುಗಿಸಲು ಯಾವ ಅಡ್ಡಿಯೂ ಉಳಿದಿಲ್ಲ. ನಿನ್ನೆ ಸಂಜೆ ಇನ್ನು ಸಾಕು, ಪಾಪ ಅವಳ ಕಾಲು ಎಷ್ಟು ನೋಯಬೇಕು ಎಂದುಕೊಂಡು, ನಾನು ಗಟ್ಟಿ ಮನಸ್ಸು ಮಾಡಿ ಮೈಕಿನ ಮುಂದೆ ಕೂತೆ. ಭಾಗೀರಥಿ ಚಿಲಕದ ಮೇಲೆ ಕೈಯಿಟ್ಟಳು ಎಂದೆ. ಚಿಲಕ ಸರಿಯಿತು ಎಂದೆ. ಬಾಗಿಲು ಒಂದು ಬೆರಳಿನಷ್ಟು ತೆರೆಯಿತು ಎಂದೆ.

"ತಡಿ, ತಡಿ" ಎಂದರು ಹೇಮಕ್ಕ. "ಹಿಂದಿನಿಂದ ಯಾರೋ ಕರೆದಂಗಾಯ್ತು."